ಬೀದಿಯಲ್ಲಿ ಯಾರೋ ವಿಚಿತ್ರವಾಗಿ ಓಡಾಡುತ್ತಿದ್ದರೆ 112ಕ್ಕೆ ಯಾವಾಗ ಫೋನ್ ಮಾಡಬೇಕು? ನಿವೃತ್ತ ಎಎಸ್‌ಐ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ಮೈಸೂರು):
ನಮಸ್ಕಾರ ಸರ್. ನಮ್ಮ ಬೀದಿಯಲ್ಲಿ ನಾಲ್ಕು ದಿನದಿಂದ ಒಬ್ಬರು ಓಡಾಡುತ್ತಿದ್ದಾರೆ. ಎಪ್ಪತ್ತರ ಆಸುಪಾಸು ಇರಬಹುದು. ಸಂಜೆ ಆರೂವರೆಗೆ ಬರುತ್ತಾರೆ, ಒಂದೊಂದು ಗೇಟಿನ ಮುಂದೂ ನಿಂತು ಒಳಗೆ ನೋಡುತ್ತಾರೆ, ಏನೋ ಗೊಣಗಿಕೊಂಡು ಮುಂದೆ ಹೋಗುತ್ತಾರೆ. ನಿನ್ನೆ ಎದುರು ಮನೆ ಗೇಟಿನ ಚಿಲಕ ತೆಗೆಯಲು ನೋಡಿದರು. ಆ ಮನೆಯವರು ಗದರಿಸಿದ ಮೇಲೆ ಹೊರಟುಹೋದರು. ಈಗ ಲೇಔಟ್ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫೋಟೋ ಹಾಕಿ "ಮಕ್ಕಳ ಕಳ್ಳ ಇರಬಹುದು, ಎಚ್ಚರ" ಅಂತ ಬರೆದಿದ್ದಾರೆ. ನಾಳೆ ಬಂದರೆ ಹಿಡಿದು ವಿಚಾರಿಸೋಣ ಅಂತ ಕೆಲವರು. ನನಗೆ ಎರಡೂ ಕಡೆ ಭಯ. ಪೊಲೀಸರಿಗೆ ಹೇಳಿ, ಸುಮ್ನೆ ಓಡಾಡುವ ಮನುಷ್ಯನಿಗೆ ತೊಂದರೆ ಆದರೆ ಪಾಪ ಅಲ್ವಾ? ಹೇಳದೇ ಇದ್ದು ಏನಾದರೂ ಅನಾಹುತ ಆದರೆ?

ಉತ್ತರ:
ಅಮ್ಮ, ಇದನ್ನು ಓದಿದ ಕೂಡಲೇ 112ಕ್ಕೆ ಫೋನ್ ಮಾಡಿ. ನಾಳೆ ಸಂಜೆವರೆಗೆ ಕಾಯಬೇಡಿ. ಆ ಮನುಷ್ಯ ಯಾರೇ ಆಗಿರಲಿ, ನಾಳೆ ಹಿಡಿದು ವಿಚಾರಿಸುತ್ತೇವೆ ಅಂತಿದ್ದಾರಲ್ಲ ನಿಮ್ಮ ಬೀದಿಯವರು, ನನಗೆ ಹೆದರಿಕೆ ಇರುವುದು ಅಲ್ಲಿ.

2018ರ ಮೇ 23 ನೆನಪಿದೆಯಾ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ 26 ವರ್ಷದ ಹುಡುಗನನ್ನು ಮಕ್ಕಳ ಕಳ್ಳ ಅಂತ ಹಗ್ಗದಲ್ಲಿ ಕಟ್ಟಿ ಹೊಡೆದರು. ಸತ್ತೇಹೋದ. ಅದೇ ವರ್ಷ ಜುಲೈ 13ಕ್ಕೆ ಬೀದರ್ ಜಿಲ್ಲೆ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಅಷ್ಟೇ. ಅವರ ಕಾರು ಮುಂದಿನ ಊರು ತಲುಪುವುದರೊಳಗೆ ವಾಟ್ಸಾಪ್ ತಲುಪಿತ್ತು. ಒಬ್ಬ ಇಂಜಿನಿಯರ್ ಸತ್ತ, ಬಿಡಿಸಲು ಹೋದ ನಮ್ಮ ಇಲಾಖೆಯವರಿಗೂ ಏಟು ಬಿತ್ತು. ಹೊಡೆದವರೆಲ್ಲ ಊರಿನವರೇ, ಮಕ್ಕಳೊಂದಿಗರು. ಎರಡು ಕಡೆಯೂ ಶುರುವಾಗಿದ್ದು "ಇರಬಹುದು" ಅನ್ನುವ ಒಂದು ಮಾತಿನಿಂದ. ನಿಮ್ಮ ಗ್ರೂಪಿನಲ್ಲಿರುವುದೂ ಅದೇ ಮಾತು.

ಈಗ ನಿಮ್ಮ ಇನ್ನೊಂದು ಭಯ. ಪೊಲೀಸರು ಬಂದು ಅವರ ಮೇಲೆ ಜೋರು ಮಾಡಿದರೆ ಅಂತ. ಆ ಭಯ ಸುಳ್ಳಲ್ಲ, ನಮ್ಮಲ್ಲೂ ಹಾಗೆ ನಡೆದುಕೊಳ್ಳುವವರಿದ್ದಾರೆ. ಆದರೆ ನೀವು ಫೋನಿನಲ್ಲಿ ಏನು ಹೇಳುತ್ತೀರಿ ಅನ್ನುವುದರ ಮೇಲೆ ಬರುವವರ ದನಿ ತುಂಬಾ ನಿಂತಿರುತ್ತದೆ. ಕಣ್ಣಿಗೆ ಕಂಡಿದ್ದನ್ನು ಮಾತ್ರ ಹೇಳಿ. ಮನಸ್ಸಿಗೆ ಹೊಳೆದಿದ್ದು ಬೇಡ. "ಕಳ್ಳನ ತರ ಇದ್ದಾನೆ" ಅಂದರೆ ಕಳ್ಳನನ್ನು ಹಿಡಿಯಲು ಬರುತ್ತಾರೆ. "ಎಪ್ಪತ್ತು ವರ್ಷದವರು, ನಾಲ್ಕು ದಿನದಿಂದ ಸಂಜೆ ಇಷ್ಟೊತ್ತಿಗೆ ಗೇಟ್ ಗೇಟ್ ನೋಡುತ್ತಾ ಹೋಗುತ್ತಾರೆ, ಒಬ್ಬರೇ ಮಾತಾಡಿಕೊಳ್ಳುತ್ತಾರೆ, ನಿನ್ನೆ ಒಂದು ಚಿಲಕ ತೆಗೆಯಲು ನೋಡಿದರು, ಜನ ಹೊಡೆಯಬಹುದು ಅಂತ ಭಯ ಆಗುತ್ತಿದೆ" ಅಂದರೆ ಬರುವವರು ಬೇರೆ ಮನಸ್ಸಿನಿಂದ ಬರುತ್ತಾರೆ.

ಇದನ್ನು ಕಲಿತದ್ದು ಕಂಟ್ರೋಲ್ ರೂಮಿನಲ್ಲಿ. ಒಂದು ದಿನ ಒಬ್ಬರು ಫೋನ್ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬಾಂಬ್ ಇಟ್ಟುಕೊಂಡು ಕೂತಿದ್ದಾನೆ ಅಂದರು. ಏನು ನೋಡಿದಿರಿ ಸರ್ ಅಂತ ಕೇಳಿದರೆ, ಗಡ್ಡ ಬಿಟ್ಟಿದ್ದಾನೆ, ದೊಡ್ಡ ಬ್ಯಾಗ್ ಇದೆ, ಆ ಕಡೆ ಈ ಕಡೆ ನೋಡುತ್ತಾನೆ. ನಮ್ಮವರು ಹೋಗಿ ಬ್ಯಾಗ್ ಬಿಚ್ಚಿಸಿದರು. ಎಂಟು ಬೆಡ್‌ಶೀಟು, ಒಂದು ಟೇಪು, ಊಟದ ಡಬ್ಬಿ. ಬೆಡ್‌ಶೀಟ್ ಮಾರುವ ಹುಡುಗ, ಬಸ್ಸಿಗೆ ಕಾಯುತ್ತಿದ್ದ. ಆ ಬೆಡ್‌ಶೀಟುಗಳನ್ನು ಮತ್ತೆ ಮಡಚಲು ಅವನ ಕೈಲಿ ಆಗಲೇ ಇಲ್ಲವಂತೆ, ಅಷ್ಟು ನಡುಕ. ಹೋಗಿದ್ದ ದಫೇದಾರರೇ ಕೂತು ಮಡಚಿಕೊಟ್ಟು ಬಂದರು. ಗಡ್ಡ, ಬಟ್ಟೆ, ಭಾಷೆ, ಬ್ಯಾಗು ಇವೆಲ್ಲ ಒಬ್ಬ ಮನುಷ್ಯ ಹೇಗಿದ್ದಾನೆ ಅಂತ ಹೇಳುತ್ತವೆ, ಏನು ಮಾಡುತ್ತಿದ್ದಾನೆ ಅಂತ ಹೇಳುವುದಿಲ್ಲ. ಹಾಗಂತ ಅದೇ ಬ್ಯಾಗನ್ನು ಬಿಟ್ಟು ಎದ್ದುಹೋಗಿದ್ದರೆ ಮಾತು ಬೇರೆ. ವಾರಸುದಾರರಿಲ್ಲದ ಬ್ಯಾಗು ಕಂಡರೆ ಮುಟ್ಟಬೇಡಿ, ದೂರ ಸರಿದು ತಕ್ಷಣ ಫೋನ್ ಮಾಡಿ.

ನೀವು ಬರೆದಿರುವುದನ್ನು ಓದಿದರೆ ನನಗೆ ಅನ್ನಿಸುವುದು ಮರೆವಿನ ಕಾಯಿಲೆ. ಸಂಜೆ ಹೊತ್ತಿಗೆ ಅದು ಜಾಸ್ತಿ ಆಗುತ್ತದೆ. ಮನೆ ಹುಡುಕುತ್ತಿರುತ್ತಾರೆ, ಯಾವುದು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಅವರ ಕಾಲು ನೋಡಿ. ಚಪ್ಪಲಿ ಎರಡೂ ಒಂದೇ ಜೋಡಿಯದಾ? ಅಂಗಿ ಗುಂಡಿ ಸರಿಯಾಗಿ ಹಾಕಿದೆಯಾ? ಜೊತೆಗೊಬ್ಬರನ್ನು ಇಟ್ಟುಕೊಂಡು, ಗೇಟಿನ ಒಳಗಿನಿಂದಲೇ "ಯಾರ ಮನೆ ಬೇಕಿತ್ತು ಯಜಮಾನ್ರೇ?" ಅಂತ ಕೇಳಿ. ಮೆತ್ತಗೆ ಕೇಳಿದರೆ ಎಷ್ಟೋ ಸಲ ಅಲ್ಲೇ ಗೊತ್ತಾಗಿಬಿಡುತ್ತದೆ. ಒಂದು ಲೋಟ ನೀರು ಕೊಟ್ಟು ಪೊಲೀಸ್ ಗಾಡಿ ಬರುವ ತನಕ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಮರು ಪ್ರಶ್ನೆ (ಅದೇ ಗೃಹಿಣಿ):
ಸರ್, ನನ್ನ ಹೆಸರು ಹೊರಗೆ ಬರುತ್ತಾ? ಸ್ಟೇಷನ್ನಿಗೆ ಓಡಾಡಬೇಕಾಗುತ್ತಾ? ನಮ್ಮ ಮನೆಯವರಿಗೆ ಅದೇ ಚಿಂತೆ. ಮತ್ತೆ ಅವರಿಗೆ ತಲೆ ಸರಿ ಇಲ್ಲದಿದ್ದರೆ ಲಾಕಪ್ಪಿಗೆ ಹಾಕುತ್ತಾರಾ?

ಉತ್ತರ:
112ಕ್ಕೆ ಮಾಹಿತಿ ಕೊಟ್ಟ ಮಾತ್ರಕ್ಕೆ ನೀವು ದೂರುದಾರರಾಗುವುದಿಲ್ಲ. ಎಫ್‌ಐಆರ್‌ಗೆ ಸಹಿ ಹಾಕಿದರೆ ಮಾತು ಬೇರೆ. ಗಾಡಿಯವರು ಜಾಗ ಸಿಗದೆ ನಿಮ್ಮ ನಂಬರಿಗೆ ಒಂದು ಕಾಲ್ ಮಾಡಬಹುದು, ಎತ್ತಿ. ಮನೆ ಮುಂದೆ ಬಂದು ನಿಲ್ಲುವುದು ಬೇಡ ಅನ್ನಿಸಿದರೆ ಅದನ್ನು ಮೊದಲೇ ಹೇಳಿಬಿಡಿ. ತಪ್ಪು ಮಾಹಿತಿ ಆಗಿಬಿಟ್ಟರೆ ಕೇಸ್ ಹಾಕುತ್ತಾರಾ ಅಂತ ತುಂಬಾ ಜನ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 217ನೇ ಸೆಕ್ಷನ್ ಇರುವುದು ಸುಳ್ಳು ಅಂತ ಗೊತ್ತಿದ್ದೂ ಇನ್ನೊಬ್ಬರಿಗೆ ತೊಂದರೆ ಕೊಡಲು ಹೇಳುವವರಿಗೆ. ಕಂಡಿದ್ದನ್ನು ಕಂಡ ಹಾಗೆ ಹೇಳಿದವರಿಗೆ ಅಲ್ಲ.

ಲಾಕಪ್ ವಿಷಯ ಕೇಳಿದ್ದು ಒಳ್ಳೆಯದಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಳ್ಳಬೇಕು, ಆದರೆ ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಂದವರಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ಹೇಳಿ. ಮನೆಯಲ್ಲೇ ಯಾರಿಗಾದರೂ ಇಂಥ ತೊಂದರೆ ಇದ್ದು ಏನು ಮಾಡಬೇಕು ತಿಳಿಯದಿದ್ದರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಖಾಸಗಿ ಉದ್ಯೋಗಿ, ತುಮಕೂರು):
ಮಗಳ ಶಾಲೆ ಹತ್ತಿರ ಒಂದು ಕಾರು ಮೂರು ದಿನದಿಂದ ಶಾಲೆ ಬಿಡುವ ಹೊತ್ತಿಗೆ ನಿಲ್ಲುತ್ತಿದೆ. ಅದರಲ್ಲಿರುವವನು ಯಾವ ಮಗುವನ್ನೂ ಕರೆದುಕೊಂಡು ಹೋಗುವುದಿಲ್ಲ. ನಿನ್ನೆ ಮೊಬೈಲಿನಲ್ಲಿ ಮಕ್ಕಳ ಫೋಟೋ ತೆಗೆದ, ಒಬ್ಬ ಹುಡುಗಿಗೆ ಡ್ರಾಪ್ ಕೊಡಲಾ ಅಂತ ಕೇಳಿದ. ಇನ್ನೂ ಏನೂ ಆಗಿಲ್ಲವಲ್ಲ, ದೂರು ತೆಗೆದುಕೊಳ್ಳುತ್ತಾರಾ?

ಉತ್ತರ:
ನೋಡಪ್ಪ, ಬರೀ ಕಾರು ನಿಂತಿದ್ದರೆ ಇನ್ನೊಂದು ದಿನ ನೋಡು ಅಂತಿದ್ದೆ. ಡ್ರೈವರುಗಳು ನಿಲ್ಲುತ್ತಾರೆ, ಡೆಲಿವರಿಯವರು ನಿಲ್ಲುತ್ತಾರೆ. ಫೋಟೋ ತೆಗೆದ, ಡ್ರಾಪ್ ಕೇಳಿದ ಅಂದಮೇಲೆ ಕಾಯುವ ಮಾತೇ ಇಲ್ಲ. ಮಕ್ಕಳ ವಿಷಯದಲ್ಲಿ ಏನಾದರೂ ಆಗುವ ತನಕ ಇರಬೇಕಾಗಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ನಿನಲ್ಲೇ ಇದೆ, ಅಂಥ ಅಪರಾಧ ನಡೆಯಬಹುದು ಅನ್ನುವ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು, ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ. ಗಾಡಿ ನಂಬರ್, ಬಣ್ಣ, ನಿಂತ ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಇಷ್ಟನ್ನು ಈಗಲೇ ಬರೆದಿಡು. ನಾಳೆಗೆ ಮರೆತುಹೋಗುತ್ತದೆ. ಈಗ ಠಾಣೆಗೆ ಹೋಗಿ ಹೇಳು, ಹೆಡ್ ಮೇಡಂಗೂ ಹೇಳು. ನಾಳೆ ಕಾರು ಕಂಡ ಕೂಡಲೇ 112. ನೀನು ಹೋಗಿ ಕಾರಿನ ಕಿಟಕಿ ತಟ್ಟಬೇಡ. ಕೈಯಲ್ಲಿ ಏನಿದೆಯೋ ಗೊತ್ತಿಲ್ಲ, ಮತ್ತೆ ಅವನು ಎಚ್ಚೆತ್ತುಕೊಂಡು ಇನ್ನೊಂದು ಶಾಲೆಗೆ ಹೋಗುತ್ತಾನೆ.

ಪ್ರಶ್ನೆ (ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು):
ನಮ್ಮ ಪಾರ್ಕಿನಲ್ಲಿ ರಾತ್ರಿ ಒಂಬತ್ತರವರೆಗೆ ಆರೇಳು ಹುಡುಗರು ಕೂತಿರುತ್ತಾರೆ, ಹಿಂದಿ ಮಾತಾಡುತ್ತಾರೆ. ಹೇಳಬಹುದಾ?

ಉತ್ತರ:
ಏನಂತ ಹೇಳುತ್ತೀರಿ? ಕೂತಿದ್ದಾರೆ ಅಂತಲಾ? ಪಕ್ಕದ ಕಟ್ಟಡದ ಕೆಲಸದವರಿರಬಹುದು, ಶೆಡ್ಡಿನಲ್ಲಿ ಗಾಳಿ ಇರುವುದಿಲ್ಲ. ಕುಡಿದು ಗಲಾಟೆ, ಹೆಣ್ಣುಮಕ್ಕಳ ಮೇಲೆ ಮಾತು, ಗಾಡಿಗೆ ಕೈ ಹಾಕುವುದು ಕಂಡರೆ ಖಂಡಿತ ಹೇಳಿ. ಇಲ್ಲದಿದ್ದರೆ ಬೇಡ.

ಮೊದಲ ಗೃಹಿಣಿ, ಮರುದಿನ:
ಸರ್, ನಿಮ್ಮ ಉತ್ತರ ಓದಿದ ಕೂಡಲೇ ಫೋನ್ ಮಾಡಿ, ನೀವು ಹೇಳಿದ ಹಾಗೇ ಹೇಳಿದೆ. ಇವತ್ತು ಸಂಜೆ ಅವರು ಬಂದಾಗ ಮತ್ತೆ ಮಾಡಿದೆ. ಗಾಡಿ ಬರುವಷ್ಟರಲ್ಲಿ ನಾನು ನಮ್ಮನೆಯವರು ಹೋಗಿ ಮಾತಾಡಿಸಿದೆವು. ಕಾಲಲ್ಲಿ ಒಂದು ಹವಾಯಿ, ಒಂದು ಚರ್ಮದ ಚಪ್ಪಲಿ. ಯಾರ ಮನೆ ಅಂದರೆ "ನಮ್ಮದೇ, ಹಸಿರು ಗೇಟು" ಅಂದರು. ಎರಡು ಕ್ರಾಸ್ ಆಚೆ ಮಗನ ಮನೆಯಂತೆ, ಹಾಸನದ ಹಳ್ಳಿಯಿಂದ ಬಂದು ಹದಿನೈದು ದಿನ ಆಗಿದೆ. ಹಸಿರು ಗೇಟು ಇರುವುದು ಹಳ್ಳಿ ಮನೆಗೆ. ಬಂದ ಕಾನ್‌ಸ್ಟೇಬಲ್ ಅವರ ಕೈ ಹಿಡಿದು ಗಾಡಿ ಹತ್ತಿಸಿದರು. ಮಗ ಸೊಸೆ ಇಬ್ಬರೂ ಕೆಲಸದಿಂದ ಬರುವುದು ಏಳೂವರೆಗಂತೆ, ಅವರಿಗೆ ಇದು ಗೊತ್ತೇ ಇರಲಿಲ್ಲ.

ಉತ್ತರ:
ಒಳ್ಳೆಯ ಕೆಲಸ ಮಾಡಿದಿರಿ ತಾಯಿ. ಅಂಗಿ ಜೇಬಿನಲ್ಲಿ ಮಗನ ಫೋನ್ ನಂಬರ್ ಬರೆದು ಇಡಲು ಹೇಳಿ, ಜೇಬಿಗೆ ಹೊಲಿದರೆ ಇನ್ನೂ ಒಳ್ಳೆಯದು, ಚೀಟಿ ತೆಗೆದು ಬಿಸಾಡಿಬಿಡುತ್ತಾರೆ. ಇನ್ನೊಂದು ಕೆಲಸ ಉಳಿದಿದೆ. ಆ ಫೋಟೋ ಹಾಕಿದವರಿಗೆ ಹೇಳಿ ಇವತ್ತೇ ಅಳಿಸಿಸಿ. ಅವರು ಯಾರ ತಂದೆ, ಎಲ್ಲಿರುತ್ತಾರೆ ಅಂತ ಮಗನನ್ನು ಕೇಳಿ ಅದೇ ಗ್ರೂಪಿನಲ್ಲಿ ಹಾಕಿ. ಫೋಟೋ ಈಗಾಗಲೇ ಬೇರೆ ಲೇಔಟಿಗೆ ಹೋಗಿದ್ದರೆ ಅಲ್ಲಿಯವರಿಗೂ ತಿಳಿಸಿ, ನಾಳೆ ಅವರು ಆ ಕಡೆ ನಡೆದು ಹೋಗಬಹುದು.