ರೈಸ್‌ಗೆ ಮರ್ಯಾದೆ

“ಮರ್ಯಾದೆ ಅನ್ನೋದೇ ಇಲ್ಲ ಅಲ್ಲಿ,” ಎನ್ನುತ್ತಲೇ ಒಳಗೆ ಬಂದ ಮೂರ್ತಿ.

“ಯಾರು, ಭಾವಮೈದನಾ?” ಎಂದ ಸೀನ.

“ಭಾವಮೈದನಲ್ಲ ಮಾರಾಯ. ಆನ್‌ಲೈನ್ ಪೋಕರ್ ಟೇಬಲ್‌ನಲ್ಲಿ. ನಾನು ಪಂದ್ಯದ ದುಡ್ಡು ಏರಿಸಿದರೆ, ಆ ರೈಸ್‌ಗೆ ಮರ್ಯಾದೆ ಇಲ್ಲ.”

ರಂಗಣ್ಣ ಇಸ್ಪೀಟ್ ಕಟ್ಟು ಕಲಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. “ಕಡಿಮೆ ದುಡ್ಡಿನ ಕೆಳಗಿನ ಟೇಬಲ್‌ಗೆ ಇಳಿದು ಎಷ್ಟು ದಿನ ಆಯ್ತು?”

“ಒಂದು ತಿಂಗಳು. ತಾತ್ಕಾಲಿಕ ಅಷ್ಟೆ. 20 ಬೈ-ಇನ್‌ಗಿಂತ, ಅಂದರೆ ಟೇಬಲ್‌ಗೆ ಕೂರುವಾಗ ತರುವ ದುಡ್ಡಿನ 20 ಪಟ್ಟಿಗಿಂತ, ಕಡಿಮೆ ಉಳಿದರೆ ಒಂದು ಮೆಟ್ಟಿಲು ಇಳಿಯಬೇಕು ಅಂತ ನಾನೇ ಮಾಡಿಕೊಂಡ ನಿಯಮ.”

“ಒಂದೇ ಮೆಟ್ಟಿಲಾ?” ಎಂದ ಸುಬ್ಬು.

“ಎರಡು.”

“ಇಳಿದದ್ದು ಒಳ್ಳೆಯದೇ,” ಎಂದರು ರಂಗಣ್ಣ. “ಇಳಿಯಲಾರದೆ ಬೀಳುವವರೇ ಜಾಸ್ತಿ. ಆದರೆ ನೀನು ಇಳಿದು ಬಂದರೂ ನಿನ್ನ ಮೂಗು ಇನ್ನೂ ಮೇಲೇ ಇದೆ.”

ಮೂರ್ತಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ನಿನ್ನೆ ರಾತ್ರಿಯ ಆಟಕ್ಕೆ ಹೋಗಿಬಿಟ್ಟಿದ್ದ. ಕಟ್ಟಿನಿಂದ ಎಲೆ ಹುಡುಕಿ ಹುಡುಕಿ ಮೇಜಿನ ಮೇಲೆ ಜೋಡಿಸಿದ. ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ, ಅಂದರೆ ಫ್ಲಾಪ್: ಇಸ್ಪೀಟ್ ರಾಜ, ಇಸ್ಪೀಟ್ ಒಂಬತ್ತು, ಕಳಾವರ್ ಏಳು. ನಾಲ್ಕನೆಯ ಎಲೆ ಟರ್ನ್‌ನಲ್ಲಿ ಇಸ್ಪೀಟ್ ನಾಲ್ಕು. ಕೊನೆಯ ಎಲೆ ರಿವರ್‌ನಲ್ಲಿ ಕೆಲಸಕ್ಕೆ ಬಾರದ ಆಟಿನ್ ಎರಡು.

“ನನ್ನ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮಂಡ್ ಐದು. ಮೂರು ಸಲವೂ ಬೆಟ್ ಮಾಡಿದೆ. ಕೊನೆಗೆ ಪಾಟ್‌ನಲ್ಲಿ, ಅಂದರೆ ಮಧ್ಯದ ರಾಶಿಯಲ್ಲಿ, ಎಷ್ಟಿತ್ತೋ ಅಷ್ಟೇ ದುಡ್ಡು ಹಾಕಿದೆ. ಯಾಕೆ ಗೊತ್ತಾ? ಇಸ್ಪೀಟ್ ಎಕ್ಕ ನನ್ನ ಹತ್ತಿರ ಇದೆ. ಬ್ಲಾಕರ್! ಅಂದರೆ ಒಂದೇ ಜಾತಿಯ ಐದು ಎಲೆ ಸೇರುವ ಫ್ಲಶ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವನ ಹತ್ತಿರ ಇರಲು ಸಾಧ್ಯವೇ ಇಲ್ಲ.”

“ನಿನ್ನ ಹತ್ತಿರಾನೂ ಇಲ್ಲವಲ್ಲ?” ಎಂದ ಸೀನ.

“ಅದು ಅವನಿಗೆ ಗೊತ್ತಿಲ್ಲ!”

“ಬೀರುವಿನ ಬೀಗದ ಕೈ ನಿನ್ನ ಜೇಬಿನಲ್ಲಿದೆ ಅಂತ ಬೀರುವಿನಲ್ಲಿ ಒಡವೆ ಇದ್ದ ಹಾಗಾಯ್ತಾ?” ಎಂದರು ರಂಗಣ್ಣ. “ಸರಿ, ಅವನೇನು ತೋರಿಸಿದ?”

ಮೂರ್ತಿಯ ದನಿ ಇಳಿಯಿತು. “ನನ್ನಷ್ಟೇ ದುಡ್ಡು ಹಾಕಿ ಕಾಲ್ ಮಾಡಿದ. ಏಳು, ಮೂರು. ಒಂದು ಏಳರ ಜೋಡಿ. ಏಳು ನನ್ನ ಲಕ್ಕಿ ನಂಬರ್ ಅಂತ ಚಾಟ್‌ನಲ್ಲಿ ಬರೆದ.”

ಸೀನ ಮೆಚ್ಚುಗೆಯಿಂದ ತಲೆದೂಗಿದ. “ಒಳ್ಳೆ ಕಾಲ್.”

“ಒಳ್ಳೆ ಕಾಲಾ? ನನ್ನ ರೇಂಜ್, ಅಂದರೆ ನನ್ನ ಹತ್ತಿರ ಇರಬಹುದಾದ ಎಲೆಗಳನ್ನೆಲ್ಲ, ನೋಡಬೇಕಲ್ವಾ ಅವನು? ರಾಜ-ರಾಣಿ ಇಟ್ಟುಕೊಂಡವನು ಕೂಡ ಯೋಚಿಸಬೇಕಾದ ಜಾಗ ಅದು!”

ಲೆಕ್ಕ ಅಂದರೆ ಸುಬ್ಬುಗೆ ತಡೆಯಲಾಗುವುದಿಲ್ಲ. “ಪಾಟ್‌ನಷ್ಟೇ ಹಾಕಿ ಬ್ಲಫ್ ಮಾಡಿದರೆ, ಎರಡು ಸಲಕ್ಕೆ ಒಂದು ಸಲ ಅವನು ಆಟ ಬಿಟ್ಟು ಎಲೆ ಎಸೆದರೆ ನಿನಗೆ ಬರಾಬರಿ. ಅದಕ್ಕಿಂತ ಹೆಚ್ಚು ಎಸೆದರೆ ಲಾಭ. ಈ ಏಳು-ಮೂರು ಮಹಾಶಯ ರಿವರ್‌ನಲ್ಲಿ ಎಷ್ಟು ಸಲ ಎಸೆಯುತ್ತಾನೆ?”

“ಒಂದು ಸಲ ಎಸೆದದ್ದು ನೋಡಿದ್ದೇನೆ. ಅವತ್ತು ಅವನ ನೆಟ್ ಹೋಗಿತ್ತು.”

“ಹಾಗಾದರೆ ನೀನು ಬ್ಲಫ್ ಮಾಡುತ್ತಿರುವುದು ಅವನ ಮೇಲಲ್ಲ, ಅವನ ನೆಟ್ ಮೇಲೆ,” ಎಂದರು ರಂಗಣ್ಣ.

ರಂಗಣ್ಣನಿಗೆ ಈಚೆಗೆ ಒಂದು ಅಲರ್ಜಿ. ಸಾಲ್ವರ್ (ಆಟದ ಲೆಕ್ಕ ಹಾಕುವ ಸಾಫ್ಟ್‌ವೇರ್), ರೇಂಜ್, ಬ್ಯಾಲೆನ್ಸ್ (ಬ್ಲಫ್‌ಗೂ ನಿಜವಾದ ಕೈಗೂ ಸಮತೋಲನ) ಎಂಬ ಮೂರು ಮಾತಿನಲ್ಲಿ ಯಾವುದು ಕಿವಿಗೆ ಬಿದ್ದರೂ ಅವರ ಕೈಯಲ್ಲಿರುವ ಎಲೆಗಳು ಜೋರಾಗಿ ಸದ್ದು ಮಾಡುತ್ತವೆ. ಮೂರ್ತಿಗೆ ಅದು ಗೊತ್ತು. ಗೊತ್ತಿದ್ದೇ ಎತ್ತಿದ.

“ಲಿಬ್ರೇಟಸ್ ಏನು ಮಾಡ್ತು ಹೇಳಿ ರಂಗಣ್ಣ. 2017ರಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೋದಲ್ಲಿ, 20 ದಿನ, 1,20,000 ಕೈ ಆಟ. ನಾಲ್ಕು ಜನ ಪಳಗಿದ ಆಟಗಾರರನ್ನು ಒಂದು ಕಂಪ್ಯೂಟರ್ ಸೋಲಿಸಿತು. ಅದು ಬ್ಲಫ್ ಮಾಡಲಿಲ್ವಾ?”

“ಮಾಡಿತು. ಅದರ ಎದುರಿಗೆ ಕೂತವರಿಗೆ ಎಲೆ ಎಸೆಯುವುದು ಗೊತ್ತಿತ್ತು. ಅದೂ ಇಬ್ಬರೇ ಆಡುವ ಆಟ. ನಿನ್ನ ಟೇಬಲ್‌ನಲ್ಲಿ ಐದು ಜನ ಸಂತೆಗೆ ಹೊರಟ ಹಾಗೆ ಪಾಟ್‌ಗೆ ಇಳಿಯುತ್ತಾರೆ. ನೀನು ಅಲ್ಲೂ ಸಮತೋಲನ ಕಾಪಾಡುತ್ತೀಯ! ಬಾಗಿಲು ಹಾರುಹೊಡೆದಿರುವ ಮನೆಗೆ ಸೂರು ಹತ್ತಿ ಹೆಂಚು ತೆಗೆದು ಇಳಿಯುವ ಕಳ್ಳನನ್ನು ಎಲ್ಲಾದರೂ ನೋಡಿದ್ದೀಯಾ?”

“ಹೆಂಚು ತೆಗೆಯುವುದೂ ಒಂದು ಕಲೆ,” ಎಂದು ಗೊಣಗಿದ ಮೂರ್ತಿ.

“ಇರಬಹುದು. ಕಾಲು ಮುರಿದುಕೊಂಡವನು ಹೇಳಬಾರದು.”

ಮಾತು ಎರಡು ಎಕ್ಕದ ಕಡೆಗೆ ತಿರುಗಿತು. ಕೈಗೆ ಎರಡು ಎಕ್ಕ ಬರುವುದೇ 221 ಕೈಗೆ ಒಂದು ಸಲ. ಮೊನ್ನೆ ಮೂರ್ತಿಗೆ ಬಂದಿತ್ತಂತೆ. ಮೇಲಿನ ಟೇಬಲ್‌ನ ಅಭ್ಯಾಸದಂತೆ ನಾಜೂಕಾಗಿ ಎರಡೂವರೆ ಬ್ಲೈಂಡ್‌ಗೆ, ಅಂದರೆ ಎಲೆ ನೋಡುವ ಮೊದಲೇ ಹಾಕುವ ಕಡ್ಡಾಯ ಪಂದ್ಯದ ಎರಡೂವರೆ ಪಟ್ಟಿಗೆ, ರೈಸ್ ಮಾಡಿದನಂತೆ. ಐದು ಜನ ಕಾಲ್.

“ಒಬ್ಬನ ಎದುರು ಎರಡು ಎಕ್ಕ ಸುಮಾರು ನೂರಕ್ಕೆ 85 ಸಲ ಗೆಲ್ಲುತ್ತೆ,” ಎಂದ ಸುಬ್ಬು. “ಯಾವುದೋ ಎಲೆ ಹಿಡಿದ ಐದು ಜನ ಕೊನೆಯವರೆಗೂ ಬಂದರೆ ಅದು ಐವತ್ತರ ಹತ್ತಿರಕ್ಕೆ ಇಳಿಯುತ್ತೆ.”

“ಅದಕ್ಕೇ ಅಲ್ಲಿ ಜಾಸ್ತಿ ಹಾಕಬೇಕು,” ಎಂದರು ರಂಗಣ್ಣ. “ಎಷ್ಟಕ್ಕೆ ಬರುತ್ತಾರೋ ಅಷ್ಟು. ಸೀನಾ, ಮೂರ್ತಿ ಐದು ಬ್ಲೈಂಡ್‌ಗೆ ರೈಸ್ ಮಾಡಿದ. ನೀನು?”

“ಬರ್ತೀನಿ.”

“ಆರು?”

“ಬರ್ತೀನಿ.”

“ಎಂಟು?”

ಸೀನ ಸ್ವಲ್ಪ ಯೋಚಿಸಿದ. “ಎರಡೂ ಎಲೆ ಒಂದೇ ಜಾತಿಯವಾ?”

“ನೋಡಿದೆಯಾ? ಎಂಟಕ್ಕೂ ಬರುವವನನ್ನು ಎರಡೂವರೆಗೆ ಕರೆಯುತ್ತೀಯಲ್ಲ, ಯಾರ ಉಳಿತಾಯಕ್ಕೆ?”

ಸೀನನಿಗೆ ಇದರಲ್ಲಿ ಅವಮಾನವೇನೂ ಕಾಣಲಿಲ್ಲ. ಬದಲಿಗೆ ಹುರುಪು ಬಂತು. “ಡಾಯ್ಲ್ ಬ್ರನ್ಸನ್ 1976ರಲ್ಲೂ 1977ರಲ್ಲೂ ವರ್ಲ್ಡ್ ಸೀರೀಸ್ ಆಫ್ ಪೋಕರ್ ಗೆದ್ದದ್ದು ಕೊನೆಯ ಕೈಯಲ್ಲಿ ಹತ್ತು-ಎರಡು ಹಿಡಿದು. ಎಲೆಯಲ್ಲಿ ಏನಿದೆ?”

“ಅವನು ಅದರಲ್ಲಿ ಎರಡು ಸಲ ಗೆದ್ದ. ನೀನು ಅದರಲ್ಲಿ ಭಾನುವಾರ ಒಂದೇ ದಿನ ಮೂರು ಸಲ ಸೋತೆ.”

“ಮೂರನೆಯದು ಹತ್ತು-ಮೂರು,” ಎಂದ ಸೀನ, ಗಂಭೀರವಾಗಿ.

ಮೂರ್ತಿಯ ದೂರು ಮುಗಿದಿರಲಿಲ್ಲ. ಬೆಳಗಿನಿಂದ ಬರೀ ಕಾಲ್ ಮಾಡುತ್ತಿದ್ದವನೊಬ್ಬ ರಿವರ್‌ನಲ್ಲಿ ಇದ್ದಕ್ಕಿದ್ದಂತೆ ರೈಸ್ ಮಾಡಿದನಂತೆ. ಇಂಥ ರೈಸ್ ಎದುರು ಇಷ್ಟು ಪಾಲು ಕೈಗಳನ್ನು ಎಸೆಯದೆ ಕಾಲ್ ಮಾಡಬೇಕು ಅಂತ ಸಾಲ್ವರ್ ಹೇಳುತ್ತದೆ, ಆದ್ದರಿಂದ ಇವನು ಕಾಲ್ ಮಾಡಿದನಂತೆ. ಎದುರಿಗಿದ್ದದ್ದು ಫ್ಲಶ್‌ಗಿಂತಲೂ ದೊಡ್ಡದಾದ ಫುಲ್ ಹೌಸ್.

“ವರ್ಷವೆಲ್ಲ ಬಾಯಿ ಬಿಡದ ಮನುಷ್ಯ ಒಂದು ದಿನ ಎದ್ದು ನಿಂತು ಕೂಗಿದರೆ, ಎಲ್ಲೋ ಬೆಂಕಿ ಬಿದ್ದಿದೆ ಅಂತ ಅರ್ಥ,” ಎಂದರು ರಂಗಣ್ಣ. “ನೀನು ಅವನ ಉಚ್ಚಾರಣೆ ಪರೀಕ್ಷೆ ಮಾಡುತ್ತಾ ಕೂತೆ. ಒಳ್ಳೆ ಜೋಡಿ ಬಂದರೆ ಮೂರು ಸಲವೂ ಬೆಟ್ ಮಾಡು. ಬರದಿದ್ದರೆ ಸುಮ್ನೆ ಎಸೆ. ಅವರು ರೈಸ್ ಮಾಡಿದರೆ ನಂಬು. ಅಷ್ಟೇ ಅಲ್ಲಿನ ಆಟ.”

“ಅಷ್ಟೇನಾ?”

“ರೇಕ್ ಒಂದಿದೆ, ಆಟ ನಡೆಸುವವರು ಪಾಟ್‌ನಿಂದ ಹಿಡಿದುಕೊಳ್ಳುವ ಪಾಲು. ಚಿಕ್ಕ ಟೇಬಲ್‌ನಲ್ಲಿ ಬ್ಲೈಂಡ್ ಲೆಕ್ಕದಲ್ಲಿ ಅದರ ಪೆಟ್ಟು ಜಾಸ್ತಿ. ಸುಮ್ನೆ ಅಗ್ಗ ಅಂತ ಕಂಡಕಂಡ ಪಾಟ್‌ಗೆ ಹೋಗಬೇಡ.”

ಮೂರ್ತಿ ಮೇಜಿನ ಮೇಲಿದ್ದ ಇಸ್ಪೀಟ್ ಎಕ್ಕವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತ. ಒಂದು ಮೂಲೆ ಮಡಿಸಿಹೋಗಿತ್ತು. ಅದನ್ನು ಉಗುರಿನಿಂದ ನೀವಿದ.

“ಇದೆಲ್ಲ ಗೊತ್ತು ರಂಗಣ್ಣ,” ಎಂದ ಆಮೇಲೆ. “ಮೇಲಿನ ಟೇಬಲ್‌ನಲ್ಲಿ ಒಬ್ಬನಿದ್ದ. ಹೆಸರು ಗೊತ್ತಿಲ್ಲ, ಒಂದು ಗೂಬೆಯ ಚಿತ್ರ ಹಾಕಿಕೊಂಡಿದ್ದ. ನಾನು ರಿವರ್‌ನಲ್ಲಿ ಬೆಟ್ ಮಾಡಿದರೆ ಗಡಿಯಾರ ಪೂರ್ತಿ ಓಡುವವರೆಗೂ ಯೋಚಿಸುತ್ತಿದ್ದ. ಹೆಚ್ಚಿನ ಟೈಮ್ ಕೂಡ ತೆಗೆದುಕೊಳ್ಳುತ್ತಿದ್ದ. ಆಮೇಲೆ ಎಸೆಯುತ್ತಿದ್ದ. ಅಷ್ಟು ಹೊತ್ತೂ ಅವನು ನನ್ನ ಬಗ್ಗೆಯೇ ಯೋಚಿಸುತ್ತಿದ್ದ ಅಲ್ವಾ? ಮೂರ್ತಿ ಯಾಕೆ ಹೀಗೆ ಮಾಡಿದ, ಮೂರ್ತಿಯ ಮನಸ್ಸಿನಲ್ಲಿ ಏನಿದೆ ಅಂತ. ನಮ್ಮ ಮನೆಯಲ್ಲಿ ಕೂಡ ಯಾರೂ ನನ್ನ ಬಗ್ಗೆ ಒಂದು ನಿಮಿಷ ಹಾಗೆ ಯೋಚಿಸಲ್ಲ.”

ರಂಗಣ್ಣನ ಬಾಯಲ್ಲಿ ಮಾತು ಸಿದ್ಧವಿರಲಿಲ್ಲ. ಅಪರೂಪ. ಎಲೆಗಳನ್ನೆಲ್ಲ ಬಾಚಿಕೊಂಡು, ಕಲಸಿ, ನಾಲ್ಕು ಜನಕ್ಕೂ ಹಂಚಿದರು.

ರಂಗಣ್ಣ, ಸುಬ್ಬು ಮೊದಲೇ ಎಸೆದರು. ಮೂರ್ತಿಗೂ ಸೀನನಿಗೂ ಆಟ ಬಿತ್ತು. ಮೂರ್ತಿ ಫ್ಲಾಪ್‌ನಲ್ಲಿ ಬೆಟ್ ಮಾಡಿದ, ಸೀನ ಕಾಲ್. ಟರ್ನ್‌ನಲ್ಲಿ ಮಾಡಿದ, ಕಾಲ್. ರಿವರ್‌ನಲ್ಲಿ ಮೂರ್ತಿ ದೊಡ್ಡದಾಗಿ ತಳ್ಳಿದ. ಸೀನ ನಿಂತ. ಹಣೆ ಗಂಟಿಕ್ಕಿದ. ಒಂದು ಕಣ್ಣು ಮುಚ್ಚಿದ. ಯಾವತ್ತೂ ಹೀಗೆ ಮಾಡಿದವನಲ್ಲ. ಮೂರ್ತಿ ಬೆನ್ನು ನೆಟ್ಟಗೆ ಮಾಡಿ ಕೂತ.

“ಕಾಲ್,” ಎಂದ ಸೀನ.

ಮೂರ್ತಿ ರಾಜನ ಜೋಡಿ ತೋರಿಸಿದ. ಸೀನನದು ಐದರ ಜೋಡಿ.

“ಅಷ್ಟು ಹೊತ್ತು ಏನೋ ಯೋಚಿಸಿದೆ?” ಮೂರ್ತಿ ಚಿಪ್ಸ್ ಎಳೆದುಕೊಳ್ಳುತ್ತಾ ಕೇಳಿದ. “ನಾನು ಬ್ಲಫ್ ಮಾಡ್ತಿದ್ದೀನಿ ಅನ್ನಿಸಿತಾ?”

“ಇಲ್ಲ ಕಣೋ. ನನ್ನ ಇನ್ನೊಂದು ಎಲೆ ಯಾವುದು ಅಂತ ಮರೆತುಹೋಗಿತ್ತು.” ಸೀನ ಸುತ್ತ ನೋಡಿದ. “ಬೆಟ್ ಮಾಡಿದ್ದು ನೀನಾ? ನಾನು ಸುಬ್ಬು ಅಂದುಕೊಂಡಿದ್ದೆ.”