ಕೆರೆಯ ಜೊಂಡಿನಲ್ಲಿ ಬ್ಲೂಥ್ರೋಟ್ ಹುಡುಕುವುದು ಹೇಗೆ?

ಪ್ರಶ್ನೆ: ನಗರದ ಕೆರೆಗಳಿಗೂ ಚಳಿಗಾಲದಲ್ಲಿ ಬ್ಲೂಥ್ರೋಟ್ ಎಂಬ ನೀಲಿ ಕತ್ತಿನ ಪುಟ್ಟ ಹಕ್ಕಿ ಬರುತ್ತದಂತೆ. ಜೊಂಡಿನ ತುದಿಗಳನ್ನೆಲ್ಲ ಬೈನಾಕ್ಯುಲರ್‌ನಲ್ಲಿ ಜಾಲಾಡಿದರೂ ಕಾಣುತ್ತಿಲ್ಲ. ಎಲ್ಲಿ ನೋಡಬೇಕು? ಕತ್ತಿನಲ್ಲಿ ನೀಲಿ ಇಲ್ಲದಿದ್ದರೆ ಗುರುತಿಸುವುದು ಹೇಗೆ?

ಉತ್ತರ 1: ತುದಿ ಬಿಡಿ, ಬುಡ ನೋಡಿ. ಇದು ನೆಲದ ಮೇಲೆ ಹುಳ ಹೆಕ್ಕುವ ಹಕ್ಕಿ. ಜೊಂಡು ಮುಗಿದು ಹಸಿ ಕೆಸರು ಶುರುವಾಗುವ ಅಂಚೇ ಅದರ ಜಾಗ. ಬೆಳಗಿನ ಹೊತ್ತು, ಸೂರ್ಯ ಬೆನ್ನಿಗಿರುವಂತೆ, 15 ಮೀಟರ್ ದೂರದಲ್ಲಿ ಅಲುಗಾಡದೆ ಅರ್ಧ ಗಂಟೆ ಕೂರಿ. ದಡದುದ್ದ ನಡೆಯುತ್ತಾ ಹೋದರೆ ನೀವು ಕಾಣುವ ಮೊದಲೇ ಅದು ಒಳಗೆ ನುಸುಳಿರುತ್ತದೆ. ತುಸು ಓಡಿ, ಗಕ್ಕನೆ ನಿಂತು ಬಾಲ ಎತ್ತುವ ಹಕ್ಕಿ ಕಂಡರೆ ಅಲ್ಲೇ ಫೋಕಸ್ ಮಾಡಿ.

ಉತ್ತರ 2: ನೀಲಿಯನ್ನು ನೆಚ್ಚಬೇಡಿ. ಚಳಿಗಾಲದಲ್ಲಿ ಗಂಡಿನ ಕತ್ತೂ ಮಾಸಲು. ಹೆಣ್ಣಿಗೆ ಬಿಳಿ ಕತ್ತು, ಎದೆಯ ಮೇಲೆ ಕಪ್ಪು ಚುಕ್ಕೆಗಳ ಪಟ್ಟಿ. ಖಚಿತ ಗುರುತು ಎರಡು: ಕಣ್ಣಿನ ಮೇಲೆ ದಟ್ಟ ಬಿಳಿ ಹುಬ್ಬು, ಬಾಲದ ಬುಡದ ಎರಡೂ ಬದಿಗೆ ಇಟ್ಟಿಗೆಗೆಂಪು. ಹಾರುವಾಗ ಬಾಲ ಬಿಚ್ಚಿದಾಗ ಅದು ಎದ್ದು ಕಾಣುತ್ತದೆ. ಇದನ್ನೇ ಹೋಲುವ ಸೈಬೀರಿಯನ್ ರೂಬಿಥ್ರೋಟ್ ಹಕ್ಕಿಗೂ ಬಿಳಿ ಹುಬ್ಬಿದೆ, ಆದರೆ ಬಾಲದಲ್ಲಿ ಈ ಕೆಂಪಿಲ್ಲ.

ಉತ್ತರ 3: ‘ಚಕ್’ ಎಂಬ ಗಡುಸು ಕೂಗಿಗೂ ಕಿವಿಗೊಡಿ. ದಯವಿಟ್ಟು ರೆಕಾರ್ಡಿಂಗ್ ಹಾಕಿ ಕರೆಯಬೇಡಿ. ಮೇಯುವ ಹೊತ್ತು ಹಾಳಾಗುತ್ತದೆ. ಫೋಟೋಗಾಗಿ ಜೊಂಡು ಸರಿಸುವುದೂ ತಪ್ಪು, ಹಕ್ಕಿಗಿರುವ ಮರೆ ಅದೊಂದೇ.