ಜನಾಂಗ ಅನ್ನುವುದು ನಿಜವಾಗಿಯೂ ಇದೆಯಾ?

ಕುತೂಹಲಿ:
ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ವಿಜ್ಞಾನದ ಬರಹಗಳಲ್ಲಿ ಎಲ್ಲ ಕಡೆ ಒಂದೇ ಮಾತು: ಮನುಷ್ಯರಲ್ಲಿ ಜನಾಂಗ ಅಂತ ಏನೂ ಇಲ್ಲ, ಅದು ಸಮಾಜ ಕಟ್ಟಿದ್ದು. ಸರಿ. ಆದರೆ ಒಂದು ಕೊಳವೆಯಲ್ಲಿ ಉಗುಳಿ ಕಳಿಸಿದರೆ ನಿಮ್ಮ ಪೂರ್ವಜರು ಯಾವ ಖಂಡದವರು ಅಂತ ಡಿಎನ್‌ಎ ಕಂಪನಿಗಳು ಹೇಳುತ್ತವಲ್ಲ? ಇಲ್ಲದ್ದನ್ನು ಉಗುಳು ಹೇಗೆ ಹೇಳುತ್ತದೆ? ಇನ್ನೊಂದು, ಜನಾಂಗವೇ ಇಲ್ಲ ಅಂದಮೇಲೆ ಜನಾಂಗದ್ವೇಷಿ ದ್ವೇಷಿಸುವುದು ಏನನ್ನು? ಜಗಳ ಬೇಡ, ತಿಳಿದವರು ಬಿಡಿಸಿ ಹೇಳಿ.

ಜೀನ್ ಮೇಷ್ಟ್ರು:
ಉಗುಳಿನಿಂದಲೇ ಶುರು ಮಾಡೋಣ. 1972ರಲ್ಲಿ ರಿಚರ್ಡ್ ಲೆವೊಂಟಿನ್ ಅನ್ನುವ ತಳಿವಿಜ್ಞಾನಿ ಒಂದು ಲೆಕ್ಕ ಹಾಕಿದರು. ಮನುಷ್ಯರ ನಡುವಿನ ಒಟ್ಟು ಜೀನ್ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಸಮುದಾಯದ ಒಳಗೇ ಇದೆ. ಜನಾಂಗ ಅಂತ ಕರೆಯುವ ದೊಡ್ಡ ಗುಂಪುಗಳ ನಡುವೆ ಇರುವುದು 6% ಚಿಲ್ಲರೆ. ಹಾಗಾಗಿ ಈ ವಿಂಗಡಣೆಗೆ ಅರ್ಥವಿಲ್ಲ ಅಂದರು. 2003ರಲ್ಲಿ ಎ.ಡಬ್ಲ್ಯು.ಎಫ್. ಎಡ್ವರ್ಡ್ಸ್ ಇದಕ್ಕೆ ಆಕ್ಷೇಪ ಎತ್ತಿದರು. ಒಂದೊಂದೇ ಜೀನ್ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನಿಜ. ಆದರೆ ನೂರಾರು ಕಡೆ ಒಟ್ಟಿಗೆ ನೋಡಿದರೆ ಸಣ್ಣ ಸಣ್ಣ ಸುಳಿವುಗಳು ಸೇರಿಕೊಂಡು ಪೂರ್ವಜರ ಪ್ರದೇಶ ಯಾವುದು ಅಂತ ಸಾಕಷ್ಟು ಸರಿಯಾಗಿ ಸಿಗುತ್ತದೆ. ಉಗುಳು ಹೇಳುವುದು ಹೀಗೆ. ಇಬ್ಬರ ಲೆಕ್ಕವೂ ಸರಿ, ಇಬ್ಬರೂ ಉತ್ತರಿಸಿದ ಪ್ರಶ್ನೆ ಮಾತ್ರ ಬೇರೆ.

ಮಜಾ ಇರುವುದು 2002ರ ಒಂದು ಅಧ್ಯಯನದಲ್ಲಿ. ನೋವಾ ರೋಸೆನ್‌ಬರ್ಗ್ ಮತ್ತು ಜೊತೆಯವರು 52 ಸಮುದಾಯಗಳ 1056 ಜನರ ಡಿಎನ್‌ಎ ಮಾಹಿತಿಯನ್ನು ಕಂಪ್ಯೂಟರಿಗೆ ಕೊಟ್ಟರು. ಎಷ್ಟು ಗುಂಪು ಬೇಕು ಅಂತ ನಾವೇ ಮೊದಲು ಹೇಳಬೇಕು, ಪ್ರೋಗ್ರಾಂ ಅಷ್ಟು ಮಾಡಿಕೊಡುತ್ತದೆ. 5 ಅಂದಾಗ ಹೆಚ್ಚುಕಡಿಮೆ ಖಂಡಗಳೇ ಬಂದವು. 6 ಅಂದಾಗ ಪಾಕಿಸ್ತಾನದ ಬೆಟ್ಟಗಳಲ್ಲಿರುವ ಕಲಾಶ್ ಅನ್ನುವ ಪುಟ್ಟ ಸಮುದಾಯ ಆರನೆಯ ಗುಂಪಾಗಿ ನಿಂತಿತು. ಮನುಕುಲದ ಆರನೆಯ ಜನಾಂಗ ಕಲಾಶ್ ಅಂತ ಯಾರಾದರೂ ಹೇಳುತ್ತಾರಾ? ಗುಂಪುಗಳು ಇವೆ. ಆದರೆ ಎಲ್ಲಿ ನಿಲ್ಲಿಸಿ ಜನಾಂಗ ಅನ್ನಬೇಕು ಅನ್ನುವುದು ಡಿಎನ್‌ಎಯಲ್ಲಿ ಬರೆದಿಲ್ಲ.

ಕಣ್ಣಿಗೆ ಕಾಣುತ್ತಲ್ಲ ಅನ್ನುವವರಿಗೂ ಒಂದು ಮಾತು. ಪೆಸಿಫಿಕ್ ಸಾಗರದ ಮೆಲನೇಷ್ಯಾ ದ್ವೀಪಗಳ ಜನರ ಚರ್ಮ ಆಫ್ರಿಕಾದ ಎಷ್ಟೋ ಜನರಷ್ಟೇ ಕಪ್ಪು. ಜೀನ್ ನೋಡಿದರೆ ಅವರು ಆಫ್ರಿಕಾದವರಿಗಿಂತ ಪೂರ್ವ ಏಷ್ಯಾದವರಿಗೆ ಹತ್ತಿರ. ಬಣ್ಣ ಹೇಳುವುದು ಬಿಸಿಲಿನ ಕಥೆ.

ಒಪ್ಪದವನು:
ಮೇಷ್ಟ್ರೇ, "ಗುಂಪಿನ ಸಂಖ್ಯೆ ನಾವೇ ಕೊಟ್ಟಿದ್ದು" ಅನ್ನುವ ವಾದ ಕೇಳಿ ಕೇಳಿ ಸಾಕಾಗಿದೆ. ಜೀವವಿಜ್ಞಾನದಲ್ಲಿ ಯಾವ ಗೆರೆ ತಾನೇ ಸ್ಪಷ್ಟವಾಗಿದೆ? ತೋಳ ಮತ್ತು ಅದಕ್ಕಿಂತ ಸಣ್ಣದಾದ ಕಯೋಟಿ ಅನ್ನುವ ಅಮೆರಿಕದ ಪ್ರಾಣಿ ಕೂಡಿ ಮರಿ ಹಾಕುತ್ತವೆ. ಹಾಗಂತ ತೋಳ ಅನ್ನುವುದು ಇಲ್ಲ ಅಂತ ಯಾರೂ ಹೇಳುವುದಿಲ್ಲ. ಗಡಿ ಮಸುಕಾಗಿದೆ ಅನ್ನುವುದು ಬೇರೆ, ಒಳಗೆ ಏನೂ ಇಲ್ಲ ಅನ್ನುವುದು ಬೇರೆ.

ಮೈಕೆಲ್ ಹಾರ್ಡಿಮನ್ ಅನ್ನುವ ತತ್ವಶಾಸ್ತ್ರಜ್ಞರು ಹೇಳುವುದು ನನಗೆ ಸರಿ ಕಾಣುತ್ತದೆ. ಜನಾಂಗಕ್ಕೆ ತೀರಾ ಕಡಿಮೆ ಅರ್ಥ ಕೊಡಿ: ಒಂದಿಷ್ಟು ಹೊರಗೆ ಕಾಣುವ ಲಕ್ಷಣ, ಒಂದು ಪೂರ್ವಜರ ಸಾಲು, ಒಂದು ಭೂಭಾಗದ ಮೂಲ. ಅಷ್ಟೇ. ಬುದ್ಧಿ, ಗುಣ, ಮೇಲು ಕೀಳು ಯಾವುದೂ ಅದರೊಳಗೆ ಇಲ್ಲ. ಇಷ್ಟು ಸಣ್ಣ ಅರ್ಥದಲ್ಲಿ ಜನಾಂಗ ಇದೆ ಅಂದರೆ ಯಾರಿಗೆ ಏನು ನಷ್ಟ? ಕ್ವೇಶಾನ್ ಸ್ಪೆನ್ಸರ್ ಅನ್ನುವ ಇನ್ನೊಬ್ಬ ತತ್ವಶಾಸ್ತ್ರಜ್ಞರಂತೂ ಇನ್ನೂ ಮುಂದೆ ಹೋಗಿ, ಅಮೆರಿಕದ ಜನಗಣತಿಯ ಐದು ವರ್ಗಗಳು ಮೇಷ್ಟ್ರು ಹೇಳಿದ ಆ ಐದು ಗುಂಪುಗಳಿಗೆ ಹೊಂದುತ್ತವೆ ಅನ್ನುತ್ತಾರೆ.

ಹಳೇ ಕಡತ:
ಜನಗಣತಿ ಅಂದಿರಾ? ಹಾಗಾದರೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಚರ್ಚೆಯಲ್ಲಿ ಎಲ್ಲರೂ ಜೀನ್ ಹಿಡಿದುಕೊಂಡು ಕೂತು ಕೋರ್ಟನ್ನು ಮರೆತೇಬಿಡುತ್ತಾರೆ.

ಆಗ ಅಮೆರಿಕದಲ್ಲಿ ಹೊರಗಿನಿಂದ ಬಂದವರು ಪೌರರಾಗಬೇಕಾದರೆ ಬಿಳಿಯರಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕಿತ್ತು. 1922ರಲ್ಲಿ ಜಪಾನಿನ ತಕಾವೊ ಒಜಾವಾ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ನನ್ನ ಚರ್ಮ ಬಿಳಿಯೇ ಅಲ್ವಾ ಅನ್ನುವುದು ಅವರ ವಾದಗಳಲ್ಲಿ ಒಂದು. ಕೋರ್ಟ್ ಒಪ್ಪಲಿಲ್ಲ. ಬಣ್ಣ ನೋಡಿ ಹೇಳಲಾಗದು, ಬಿಳಿಯ ಅಂದರೆ ಕಕೇಷಿಯನ್ (ಯುರೋಪಿನವರನ್ನೂ ಸೇರಿಸಿ ಒಂದು ದೊಡ್ಡ ಗುಂಪಿಗೆ ಆಗಿನ ಮಾನವಶಾಸ್ತ್ರಜ್ಞರು ಇಟ್ಟ ಹೆಸರು) ಅಂತ ತೀರ್ಪಾಯಿತು. ಮೂರೇ ತಿಂಗಳಿಗೆ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಮೊಕದ್ದಮೆ. ಇವರು ಪಂಜಾಬಿನವರು, ಅಮೆರಿಕದ ಸೈನ್ಯದಲ್ಲಿ ಇದ್ದವರು. ಮಾನವಶಾಸ್ತ್ರಜ್ಞರ ಪಟ್ಟಿಯ ಪ್ರಕಾರ ನಾನು ಕಕೇಷಿಯನ್ ಅಂದರು. ಈ ಸಲ ಅದೇ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬರೆದದ್ದು, ವಿಜ್ಞಾನದ ಪಟ್ಟಿ ಲೆಕ್ಕಕ್ಕಿಲ್ಲ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನೇ ಬಿಳಿಯ ಅಂತ! ಆ ತೀರ್ಪಿನ ನಂತರ ಅದಾಗಲೇ ಪೌರರಾಗಿದ್ದ ಎಷ್ಟೋ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು.

ಗಣತಿಯ ಕಥೆಯೂ ಹೀಗೇ. 1920ರಿಂದ 1940ರವರೆಗೆ "ಹಿಂದೂ" ಅನ್ನುವುದು ಅಲ್ಲಿ ಒಂದು ಜನಾಂಗ. ಸಿಖ್ಖರೂ ಮುಸ್ಲಿಮರೂ ಅದರಲ್ಲೇ. 1970ರಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿದರು. 1980ರಲ್ಲಿ ಏಷ್ಯನ್ ಇಂಡಿಯನ್ ಆದರು. ಅವರ ಜೀನ್ ಅಂತೂ ಬದಲಾಗಿರಲಿಲ್ಲ. ಮತ್ತೆ ಸ್ಪೆನ್ಸರ್ ಹೇಳುವ ಹೊಂದಾಣಿಕೆ ಯಾವ ವರ್ಷದ ಗಣತಿಯ ಜೊತೆ, ಒಪ್ಪದವರೇ?

ಅದಕ್ಕೇ ನನಗೆ ಸ್ಯಾಲಿ ಹ್ಯಾಸ್ಲಾಂಗರ್ ಅನ್ನುವ ತತ್ವಶಾಸ್ತ್ರಜ್ಞೆಯ ಮಾತು ಹಿಡಿಸುತ್ತದೆ. ದೇಹದ ಗುರುತು, ಮೂಲ ಇವನ್ನು ನೆಪ ಮಾಡಿಕೊಂಡು ಜನರನ್ನು ಮೇಲೆ ಕೆಳಗೆ ಕೂರಿಸುತ್ತಾರಲ್ಲ, ಆ ಜಾಗವೇ ಜನಾಂಗ. ಹಾಗೆ ನೋಡಿದರೆ ಅದು ಪೂರ್ತಿ ನಿಜ. ಅಲ್ಲಿ ಕೂರಿಸಿದವರಿಗೆ ಮನೆ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ, ಪೌರತ್ವ ಸಿಗುವುದಿಲ್ಲ. ಇದರಲ್ಲೂ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಾಳೆ ಮೇಲು ಕೀಳು ಪೂರ್ತಿ ಹೋದರೆ ಜನಾಂಗವೂ ಹೋಗಬೇಕಾಗುತ್ತದೆ. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬೊಯ್ಸ್ 1897ರಲ್ಲೇ ಇದಕ್ಕೆ ತದ್ವಿರುದ್ಧ ಹೇಳಿದ್ದರು. ಕಪ್ಪು ಜನರು ಒಂದು ಜನಾಂಗವಾಗಿ ಉಳಿಯಬೇಕು, ಅವರು ಜಗತ್ತಿಗೆ ಕೊಡಬೇಕಾದ್ದು ಇನ್ನೂ ಇದೆ ಅಂತ.

ಕುತೂಹಲಿ:
ಥಿಂಡ್ ವಿಷಯ ಗೊತ್ತೇ ಇರಲಿಲ್ಲ. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತಲ್ಲ, ದ್ವೇಷಿಸುವುದು ಏನನ್ನು?

ಹಳೇ ಕಡತ:
ಮಾಟಗಾತಿಯರು ಇರಲಿಲ್ಲ. ಮಾಟಗಾತಿ ಅಂತ ಸುಟ್ಟ ಹೆಂಗಸರು ಇದ್ದರು. ದ್ವೇಷಕ್ಕೆ ಇರುವ ವಸ್ತುವೇ ಬೇಕು ಅಂತೇನಿಲ್ಲ, ಸಿಕ್ಕಿಬೀಳುವ ಮನುಷ್ಯ ಇದ್ದರೆ ಸಾಕು.

ಒಪ್ಪದವನು:
ಈ ಹೋಲಿಕೆ ಅರ್ಧ ಮಾತ್ರ ನಿಲ್ಲುತ್ತದೆ. ಸುಟ್ಟವರನ್ನು ಒಟ್ಟು ಸೇರಿಸುವ ನಿಜವಾದ ಗುಣ ಯಾವುದೂ ಇರಲಿಲ್ಲ. ಇಲ್ಲಿ ಪೂರ್ವಜರ ಸಾಲು ಇದೆ, ಮೇಷ್ಟ್ರು ಮೇಲೆ ತಾವೇ ಒಪ್ಪಿಕೊಂಡಿದ್ದಾರೆ. ಗಣತಿಯ ಮಾತು ಒಪ್ಪುತ್ತೇನೆ, ಸರ್ಕಾರಗಳು ಗೆರೆಯನ್ನು ಬೇಕಾದ ಹಾಗೆ ಎಳೆದಿವೆ. ಕೆಟ್ಟ ನಕ್ಷೆ ಇದ್ದ ಮಾತ್ರಕ್ಕೆ ನೆಲ ಇಲ್ಲ ಅಂತ ಆಗುವುದಿಲ್ಲ.

ವಾರ್ಡ್ ಡ್ಯೂಟಿ:
ನೆಲ ಇರಲಿ ಸ್ವಾಮಿ, ಆ ಕೆಟ್ಟ ನಕ್ಷೆ ಹಿಡಿದು ಔಷಧಿ ಕೊಟ್ಟರೆ ಏನಾಗುತ್ತದೆ ಅಂತ ಹೇಳುತ್ತೇನೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ರಕ್ತದಲ್ಲಿರುವ ಕ್ರಿಯಾಟಿನಿನ್ ಅನ್ನುವ ತ್ಯಾಜ್ಯದ ಪ್ರಮಾಣದಿಂದ ಲೆಕ್ಕ ಹಾಕುವ ಸೂತ್ರ ಇದೆ. ಅಮೆರಿಕದಲ್ಲಿ 2009ರ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರು ಅಂತ ಗುರುತು ಹಾಕಿದರೆ ಉತ್ತರ ಸುಮಾರು 16% ಹೆಚ್ಚು ಬರುತ್ತಿತ್ತು. ಅಂದರೆ ಕೆಟ್ಟ ಕಿಡ್ನಿಯೂ ಚೆನ್ನಾಗಿರುವ ಹಾಗೆ ಕಾಣುತ್ತಿತ್ತು, ಕಸಿಯ ಪಟ್ಟಿಗೆ ಹೆಸರು ಸೇರುವುದು ತಡವಾಗುತ್ತಿತ್ತು. ಅಪ್ಪ ಕಪ್ಪು ಅಮ್ಮ ಬಿಳಿ ಇದ್ದರೆ ಯಾವ ಗುರುತು? ಸೂತ್ರದಲ್ಲಿ ಉತ್ತರವಿಲ್ಲ. 2021ರಲ್ಲಿ ಜನಾಂಗ ಬಿಟ್ಟು ಹೊಸ ಸೂತ್ರ ತಂದರು.

ಸಿಕಲ್ ಸೆಲ್ ಅನ್ನುವ ಆನುವಂಶಿಕ ರಕ್ತದ ಕಾಯಿಲೆಯನ್ನೂ ಕಪ್ಪು ಜನರ ಕಾಯಿಲೆ ಅನ್ನುವವರಿದ್ದಾರೆ. ಅದರ ಜೀನ್ ಹೆಚ್ಚಾಗಿ ಕಾಣುವುದು ಮಲೇರಿಯಾ ಇದ್ದ ಕಡೆ. ಗ್ರೀಸ್, ಅರೇಬಿಯಾ, ಭಾರತದಲ್ಲೂ ಇದೆ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಅಪರೂಪ. ನಮಗೆ ಬೇಕಾದದ್ದು ಆ ಜೀನ್ ಇದೆಯಾ ಅನ್ನುವುದು, ಜನಾಂಗ ಯಾವುದು ಅನ್ನುವುದಲ್ಲ.

ಹಾಗಂತ ಫಾರಂನಿಂದ ಜನಾಂಗದ ಕಾಲಂ ಅಳಿಸಿಬಿಡಿ ಅಂದರೆ ನಾನು ಒಪ್ಪುವುದಿಲ್ಲ. ಫ್ರಾನ್ಸ್‌ನ ಜನಗಣತಿ ಜನಾಂಗ ಕೇಳುವುದೇ ಇಲ್ಲ. ಭೇದ ನಡೆಯುತ್ತಿದೆಯಾ ಅಂತ ನೋಡಬೇಕಾದರೆ ಸಂಶೋಧಕರು ಹೆಸರು, ಅಪ್ಪ ಅಮ್ಮ ಹುಟ್ಟಿದ ದೇಶ ಇಂಥದ್ದರಿಂದ ಅಂದಾಜು ಮಾಡಬೇಕು. ಕಾಲಂ ಇಲ್ಲದಿದ್ದರೆ ಆ ಕಿಡ್ನಿ ಸೂತ್ರದಿಂದ ಯಾರಿಗೆ ತೊಂದರೆಯಾಯಿತು ಅನ್ನುವುದನ್ನು ಕಂಡುಹಿಡಿಯುವುದೂ ಕಷ್ಟವಾಗುತ್ತಿತ್ತು.

ಹಳೇ ಕಡತ:
ಕಾಲಂ ಇರಲಿ, ತುಂಬುವವರು ಯಾರು ಅನ್ನುವುದೂ ಮುಖ್ಯ. ಅಮೆರಿಕದಲ್ಲಿ 1960ರ ಗಣತಿಗೆ ಮುಂಚೆ ಬಾಗಿಲಿಗೆ ಬಂದ ಗಣತಿದಾರನೇ ಮುಖ ನೋಡಿ ಜನಾಂಗ ಬರೆದುಕೊಳ್ಳುತ್ತಿದ್ದ.